ಒಂಬತ್ತನೇ ಪ್ರಶ್ನೆಗೆ ‘ಹೌದು’ ಅಂತ ಬರೆದವರ ಪರವಾಗಿ

ಅಂಗವಿಕಲ ವಯಸ್ಕರಿಗೆ ಆಸರೆಯ ವಸತಿ ನಡೆಸುವ ಸಂಸ್ಥೆಗಳ ಮುಖ್ಯಸ್ಥರಿಗೆ, ಅವುಗಳಿಗೆ ಅನುಮತಿ ಮತ್ತು ಹಣ ಕೊಡುವ ಇಲಾಖೆಗಳ ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನೊಬ್ಬ ತಾಯಿ. ನನ್ನ ಮಗನಿಗೆ ಈಗ 29 ವರ್ಷ. ಅವನಿಗೆ ಬೌದ್ಧಿಕ ಅಂಗವೈಕಲ್ಯ ಇದೆ, ಜೊತೆಗೆ ಆಟಿಸಂ ಇದೆ. ಬಾಯಲ್ಲಿ ಇರುವುದು ಇಪ್ಪತ್ತು ಇಪ್ಪತ್ತೈದು ಮಾತು, ಅಷ್ಟೇ. ಪಕ್ಕದಲ್ಲಿ ನಿಂತು ಹೇಳಿದರೆ ಸ್ನಾನ ಮಾಡುತ್ತಾನೆ, ತಟ್ಟೆ ತೊಳೆಯುತ್ತಾನೆ. ಬಟ್ಟೆ ಮಡಚುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಆದರೆ ಸಿಟ್ಟು ಬಂದಾಗ ಅವನನ್ನು ಹಿಡಿಯುವುದು ಕಷ್ಟ. ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ಎದುರಿಗೆ ಬಂದವರನ್ನು ನೂಕುತ್ತಾನೆ, ಕಚ್ಚುತ್ತಾನೆ. ಎರಡು ವರ್ಷದ ಹಿಂದೆ ನನ್ನ ಎಡಗೈ ಮಣಿಕಟ್ಟಿನ ಮೂಳೆ ಮುರಿದದ್ದು ಹಾಗೆಯೇ. ಇದನ್ನೆಲ್ಲ ಮುಚ್ಚಿಟ್ಟು ನಾನು ಈ ಪತ್ರ ಬರೆಯುವುದಿಲ್ಲ. ಮುಚ್ಚಿಟ್ಟರೆ ಏನಾಗುತ್ತದೆ ಅಂತ ಒಮ್ಮೆ ನೋಡಿ ಆಗಿದೆ.

ನನಗೆ 61, ಅವನ ಅಪ್ಪನಿಗೆ 66. ನಾಲ್ಕು ವರ್ಷದಿಂದ ಅವನಿಗೊಂದು ಮನೆ ಹುಡುಕುತ್ತಿದ್ದೇವೆ. ಇದುವರೆಗೆ ಹದಿನಾಲ್ಕು ಕಡೆ ವಿಚಾರಿಸಿದ್ದೇವೆ. ಕೆಲವು ಕಡೆ ಫೋನಿನಲ್ಲೇ ಮುಗಿಯಿತು. ‘ಶಾಂತವಾಗಿ ಇರುತ್ತಾನಾ?’ ಅಂತ ಕೇಳಿದರು, ‘ಯಾವಾಗಲೂ ಅಲ್ಲ’ ಅಂದೆ, ‘ಸದ್ಯಕ್ಕೆ ಜಾಗ ಇಲ್ಲ’ ಅಂದರು. ಕೆಲವರು ಕರೆದು ಮಾತಾಡಿಸಿದರು, ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆದುಕೊಂಡರು. ಆ ಲಿಸ್ಟಿನಲ್ಲಿ ನಮ್ಮ ಹೆಸರಿನ ಹಿಂದೆ ಬಂದವರು ಒಳಗೆ ಹೋದದ್ದನ್ನು ನೋಡಿದ್ದೇವೆ. ಅವರ ಮಕ್ಕಳು ಒಳ್ಳೆಯ ಮಕ್ಕಳು, ಅವರಿಗೂ ಮನೆ ಬೇಕಿತ್ತು, ಅದರ ಬಗ್ಗೆ ನನಗೆ ಹೊಟ್ಟೆಯುರಿ ಇಲ್ಲ. ಆದರೆ ಯಾರನ್ನು ನೋಡಿಕೊಳ್ಳುವುದು ಸುಲಭವೋ ಅವರಿಗೆ ಮೊದಲು ಬಾಗಿಲು ತೆರೆಯುತ್ತದೆ, ಯಾರ ಮನೆಯಲ್ಲಿ ದಿನ ದೂಡುವುದೇ ಕಷ್ಟವಾಗಿದೆಯೋ ಅವರಿಗೆ ಕೊನೆಗೆ, ಅಥವಾ ಎಂದೂ ಇಲ್ಲ. ಇದು ತಿರುಗುಮುರುಗಾದ ಲೆಕ್ಕ ಅಲ್ವಾ?

ಒಂದು ಕಡೆ ನಡೆದದ್ದನ್ನು ಬಿಡಿಸಿ ಹೇಳುತ್ತೇನೆ. ಆ ಸಂಸ್ಥೆಯ ಹೆಸರು ಹೇಳುವುದಿಲ್ಲ, ಯಾಕೆಂದರೆ ಇದು ಒಂದು ಸಂಸ್ಥೆಯ ತಪ್ಪಲ್ಲ.

ಅವರ ಅಡ್ಮಿಷನ್ ಫಾರಂನಲ್ಲಿ ಇಪ್ಪತ್ತೆರಡು ಪ್ರಶ್ನೆ ಇದ್ದವು. ಒಂಬತ್ತನೆಯದು ಹೀಗಿತ್ತು: ‘ಹೊಡೆಯುವ, ಕಚ್ಚುವ, ವಸ್ತು ಒಡೆಯುವ ಅಭ್ಯಾಸ ಇದೆಯೇ? ಹೌದು / ಇಲ್ಲ.’ ಪಕ್ಕದಲ್ಲಿ ಬರೆಯಲು ಒಂದು ಗೆರೆಯ ಜಾಗವೂ ಇರಲಿಲ್ಲ. ಎರಡೇ ಚೌಕ. ನಾನು ‘ಹೌದು’ ಚೌಕದಲ್ಲಿ ಗುರುತು ಹಾಕಿದೆ. ಮೇಜಿನ ಆಚೆ ಕೂತಿದ್ದ ಹೆಣ್ಣುಮಗಳು ಫಾರಂ ತಿರುಗಿಸಿ ನೋಡಿದರು. ಸುತ್ತ ಯಾರಾದರೂ ಇದ್ದಾರಾ ಅಂತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: “ಅಮ್ಮಾ, ಇಲ್ಲಿ ಇಲ್ಲ ಅಂತ ಹಾಕಿ. ಹೌದು ಅಂದ್ರೆ ಫೈಲು ಈ ಟೇಬಲ್ ದಾಟಿ ಹೋಗೋದೇ ಇಲ್ಲ.” ಅವರ ಮುಖದಲ್ಲಿ ಕೆಡುಕು ಇರಲಿಲ್ಲ. ನನ್ನ ಕೈಯ ಪಟ್ಟಿ ನೋಡಿ ಅವರಿಗೆ ಮರುಕ ಬಂದಿತ್ತು. ಹೊಸ ಫಾರಂ ಕೊಟ್ಟರು. ನಾನು ‘ಇಲ್ಲ’ ಅಂತ ಗುರುತು ಹಾಕಿದೆ.

ಮಗ ಒಳಗೆ ಹೋದ. ಹತ್ತು ದಿನ ಚೆನ್ನಾಗಿಯೇ ಇದ್ದ ಅಂದರು. ಹನ್ನೊಂದನೆಯ ದಿನ ಬೆಳಗ್ಗೆ ಆರೂಕಾಲಕ್ಕೆ ಫೋನ್ ಬಂತು. “ಬಂದು ಕರ್ಕೊಂಡು ಹೋಗಿ.” ಏನಾಯಿತು ಅಂತ ಕೇಳಿದರೆ, “ಬನ್ನಿ, ಹೇಳ್ತೀವಿ.”

ಆ ಕಟ್ಟಡದಲ್ಲಿ ಹದಿನೆಂಟು ಜನ ಇದ್ದರು. ರಾತ್ರಿ ಪಾಳಿಗೆ ಇದ್ದದ್ದು ಒಬ್ಬನೇ ಹುಡುಗ, ಇಪ್ಪತ್ತೆರಡು ವರ್ಷದವನು, ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ನಸುಕಿನಲ್ಲಿ ನೀರಿನ ಪಂಪ್ ಶುರುವಾಯಿತು. ನನ್ನ ಮಗನಿಗೆ ಆ ಸದ್ದು ಆಗುವುದಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಹಜಾರದಲ್ಲಿ ಓಡಾಡಲು ಶುರು ಮಾಡಿದ. ಉಳಿದವರು ಏಳುತ್ತಾರೆ ಅಂತ ಆ ಹುಡುಗ ಹಿಂದಿನಿಂದ ಬಂದು ಅವನನ್ನು ಅಪ್ಪಿ ಹಿಡಿದ. ನನ್ನ ಮಗನನ್ನು ಹಿಂದಿನಿಂದ ಮುಟ್ಟಬಾರದು. ಎದುರಿಗೆ ನಿಂತು, ಕೈ ಚಾಚಿ, ಸುಮ್ನೆ ಕಾಯಬೇಕು. ಎರಡು ಮೂರು ನಿಮಿಷಕ್ಕೆ ತಾನೇ ಬಂದು ಕೈ ಹಿಡಿಯುತ್ತಾನೆ. ಇದು ನನಗೆ ಗೊತ್ತು, ಅವನಪ್ಪನಿಗೆ ಗೊತ್ತು. ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಫಾರಂನಲ್ಲಿ ‘ಇಲ್ಲ’ ಅಂತ ಇತ್ತಲ್ಲ. ಅವನ ಮುಂಗೈಗೆ ಮೂರು ಹೊಲಿಗೆ ಹಾಕಿದ್ದರು. ನಾನು ಅವನ ಎದುರು ಕೈಮುಗಿದು ನಿಂತೆ. ಆ ಹುಡುಗನೇ, “ಪರವಾಗಿಲ್ಲ ಆಂಟಿ, ನನಗೂ ಗೊತ್ತಿರ್ಲಿಲ್ಲ” ಅಂದ.

ನನ್ನ ಮಗ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ಹೆಗಲಲ್ಲಿ ಬ್ಯಾಗು ಇತ್ತು. ಅವನ ಆ ನೀಲಿ ಬ್ಯಾಗಿನ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲಿಗೆ ಹೋದರೂ ಅದನ್ನು ಹೆಗಲಿಗೆ ಹಾಕಿಕೊಂಡೇ ಹೋಗುತ್ತಾನೆ. ಮನಸ್ಸಿಗೆ ಹಿಡಿಸದ ಜಾಗದಲ್ಲಿ ಗಂಟೆಗಟ್ಟಲೆ ಕೂತರೂ ಕೆಳಗೆ ಇಡುವುದಿಲ್ಲ. ಆ ಮನೆಗೆ ಸೇರಿದ ಮೂರನೆಯ ದಿನವೇ ಅವನು ಬ್ಯಾಗನ್ನು ಮಂಚದ ಕೆಳಗೆ ಇಟ್ಟಿದ್ದನಂತೆ. ಅದನ್ನು ಅಲ್ಲಿನವರೇ ಫೋನಿನಲ್ಲಿ ಹೇಳಿದ್ದರು. ಅವನಿಗೆ ಆ ಜಾಗ ಹಿಡಿಸಿತ್ತು. ನಮ್ಮೆಲ್ಲರ ಒಂದು ಸುಳ್ಳಿನಿಂದ ಅದು ಹೋಯಿತು. ನಾನು ಬರೆದೆ, ಅವರು ಬರೆಸಿದರು, ನೀವು ಅಂಥ ಫಾರಂ ಮಾಡಿಟ್ಟಿರಿ.

ಮಾನ್ಯರೇ, ಈ ಒಂಬತ್ತನೇ ಪ್ರಶ್ನೆಯೇ ನನ್ನ ದೂರು. ಕೇಳಬೇಡಿ ಅಂತಲ್ಲ. ಖಂಡಿತ ಕೇಳಿ. ಇನ್ನೂ ಜಾಸ್ತಿ ಕೇಳಿ. ಯಾವಾಗ ಹೀಗಾಗುತ್ತದೆ, ಅದಕ್ಕೆ ಮುಂಚೆ ಏನು ಕಾಣಿಸುತ್ತದೆ, ಆಗ ಏನು ಮಾಡಿದರೆ ತಣ್ಣಗಾಗುತ್ತಾನೆ, ಏನು ಮಾಡಬಾರದು, ಕೊನೆಯ ಸಲ ಆದದ್ದು ಯಾವಾಗ. ಆದರೆ ಉತ್ತರವನ್ನು ತಯಾರಿಗೆ ಬಳಸಿ, ತಳ್ಳಿಹಾಕಲು ಬಳಸಬೇಡಿ. ಈಗ ನಿಮ್ಮ ಫಾರಂ ನಿಜ ಹೇಳಿದವರನ್ನು ಹೊರಗಿಡುತ್ತದೆ, ಸುಳ್ಳು ಹೇಳಿದವರನ್ನು ಒಳಗೆ ಬಿಡುತ್ತದೆ. ಆ ಸುಳ್ಳಿನ ಬೆಲೆ ತೆರುವವನು ರಾತ್ರಿ ಪಾಳಿಯ ಹುಡುಗ.

ಬೆಲ್ಜಿಯಂನಲ್ಲಿ ಗೀಲ್ ಅಂತ ಒಂದು ಊರಿದೆ. ಮಧ್ಯಯುಗದಿಂದ ಇವತ್ತಿನವರೆಗೂ ಅಲ್ಲಿನ ಸಾಮಾನ್ಯ ಕುಟುಂಬಗಳು ಮಾನಸಿಕ ಕಾಯಿಲೆ ಇರುವವರನ್ನು, ಬುದ್ಧಿ ಬೆಳವಣಿಗೆ ಕಡಿಮೆ ಇರುವವರನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು ಬಂದಿವೆ. 1930ರ ದಶಕದಲ್ಲಿ ಅಂಥವರ ಸಂಖ್ಯೆ ಆ ಒಂದು ಊರಿನಲ್ಲೇ 3,500 ದಾಟಿತ್ತು. ಈಗ ಬಹಳ ಕಡಿಮೆಯಾಗಿದೆ, ಆದರೂ ಪದ್ಧತಿ ಉಳಿದಿದೆ. ಅಲ್ಲಿ ಕುಟುಂಬದವರಿಗೆ ಸಾಮಾನ್ಯವಾಗಿ ಕಾಯಿಲೆಯ ಹೆಸರು ಹೇಳುವುದಿಲ್ಲವಂತೆ. ಆ ಮನುಷ್ಯನನ್ನು ನೋಡಿಕೊಳ್ಳಲು ಏನು ಗೊತ್ತಿರಬೇಕೋ ಅದನ್ನು ಹೇಳುತ್ತಾರೆ, ಕಷ್ಟ ಬಂದರೆ ಕರೆಯಲು ಹಿಂದೆ ಒಂದು ಆಸ್ಪತ್ರೆ ಇರುತ್ತದೆ. ಎಲ್ಲ ಕಡೆ ಗೀಲ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿನವರ ಪ್ರಶ್ನೆ ಬೇರೆ ನೋಡಿ. ‘ಇವನಿಗೆ ಏನಾಗಿದೆ’ ಅಂತಲ್ಲ, ‘ಇವನ ಜೊತೆ ಹೇಗೆ ಬಾಳಬೇಕು’ ಅಂತ.

ಇನ್ನು ಸಿಟ್ಟಿನ ವಿಷಯ. ನಿಮ್ಮ ಕಡತಗಳಲ್ಲಿ ಇದನ್ನು ‘ವರ್ತನೆಯ ಸಮಸ್ಯೆ’ ಅಂತ ಬರೆಯುತ್ತೀರಿ. ಬರೆದು ಮುಗಿಸುತ್ತೀರಿ. ನನ್ನ ಮಗ 26ನೇ ವಯಸ್ಸಿನಲ್ಲಿ ಮೂರು ತಿಂಗಳು ತನ್ನ ಬಲದವಡೆಗೆ ತಾನೇ ಗುದ್ದಿಕೊಂಡ. ಹಗಲೂ ರಾತ್ರಿ. ಕೆನ್ನೆ ಕಪ್ಪಾಗಿತ್ತು. ಆಗ ಹಗಲು ಹೊತ್ತು ಅವನು ಒಂದು ಕೇಂದ್ರಕ್ಕೆ ಹೋಗುತ್ತಿದ್ದ. ವರ್ತನೆ ಹೆಚ್ಚಾಗಿದೆ, ಡಾಕ್ಟರಿಗೆ ತೋರಿಸಿ ಅಂದರು. ಡಾಕ್ಟರು ಮಾತ್ರೆಯ ಡೋಸ್ ಏರಿಸಿದರು. ತಿಂಗಳ ನಂತರ ಇನ್ನೊಮ್ಮೆ ಏರಿಸಿದರು. ಅವನು ನಿಂತಲ್ಲೇ ತೂಕಡಿಸುತ್ತಿದ್ದ, ಜೊಲ್ಲು ಸುರಿಯುತ್ತಿತ್ತು, ಎಚ್ಚರ ಆದ ಕೂಡಲೇ ಮತ್ತೆ ದವಡೆಗೆ ಗುದ್ದು. ಕೊನೆಗೆ ಅವನ ತಂಗಿ ಹೇಳಿದಳು, “ಅಮ್ಮಾ, ಬರೀ ಬಲಗಡೆನೇ ಯಾಕೆ ಹೊಡ್ಕೊಳ್ತಾನೆ?” ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಪ್ರಜ್ಞೆ ತಪ್ಪಿಸಿ ನೋಡಿದರು. ಕೊನೆಯ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ತೆಗೆದ ಮೂರನೇ ದಿನದಿಂದ ಗುದ್ದು ನಿಂತಿತು.

ಮೂರು ತಿಂಗಳು ಅವನು ಹಲ್ಲು ನೋವು ಅಂತ ತನಗೆ ಬಂದ ಭಾಷೆಯಲ್ಲಿ ಹೇಳುತ್ತಿದ್ದ. ನಾವು ಓದಿದವರು, ತಿಳಿದವರು, ಬಾಯಿ ಮುಚ್ಚಿಸುವ ಮಾತ್ರೆ ಕೊಡುತ್ತಿದ್ದೆವು. ಆ ಮೂರು ತಿಂಗಳು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಕಿವುಚುತ್ತದೆ.

ಇದು ನನ್ನ ಮನೆಯ ಕಥೆ ಮಾತ್ರ ಅಲ್ಲ. 1982ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಯಾನ್ ಇವಾಟಾ ಮತ್ತು ಅವರ ಜೊತೆಗಾರರು ತಮ್ಮನ್ನು ತಾವೇ ಹೊಡೆದುಕೊಳ್ಳುವ ಒಂಬತ್ತು ಮಂದಿಯನ್ನು ಬೇರೆ ಬೇರೆ ಸಂದರ್ಭದಲ್ಲಿ ಇಟ್ಟು ಗಮನಿಸಿದ್ದರು. ಒಬ್ಬರು ಕೆಲಸ ಹೇಳಿದಾಗ ಹೊಡೆದುಕೊಳ್ಳುತ್ತಾರೆ, ಇನ್ನೊಬ್ಬರು ಯಾರೂ ಗಮನಿಸದಿದ್ದಾಗ, ಮತ್ತೊಬ್ಬರು ಸುಮ್ಮನೆ ಒಬ್ಬರೇ ಕೂತಾಗ. ಹೊರಗೆ ಕಾಣುವುದು ಒಂದೇ ಥರ, ಒಳಗಿನ ಕಾರಣ ಬೇರೆ ಬೇರೆ. ಮಲಬದ್ಧತೆ, ಕಿವಿ ನೋವು, ಎದೆಯುರಿ, ನಿದ್ದೆ ಇಲ್ಲದಿರುವುದು, ಪಕ್ಕದ ಮಂಚದವರು ಬದಲಾದದ್ದು, ಏನು ಬೇಕಾದರೂ ಇರಬಹುದು. ಹುಡುಕಿದರೆ ಎಷ್ಟೋ ಸಲ ಸಿಗುತ್ತದೆ. ಹುಡುಕಲು ಒಬ್ಬರು ಬೇಕು, ಸಮಯ ಬೇಕು, ಒಂದು ನೋಟ್ ಪುಸ್ತಕ ಬೇಕು.

ಮಾತ್ರೆಯ ಬಗ್ಗೆಯೂ ಒಂದು ಲೆಕ್ಕ ಇದೆ. 2008ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪೀಟರ್ ಟೈರರ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಬೌದ್ಧಿಕ ಅಂಗವೈಕಲ್ಯ ಮತ್ತು ಆಕ್ರಮಣದ ವರ್ತನೆ ಇದ್ದ 86 ವಯಸ್ಕರು ಅದರಲ್ಲಿ ಇದ್ದರು. ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಹ್ಯಾಲೊಪೆರಿಡಾಲ್, ಇನ್ನು ಕೆಲವರಿಗೆ ಔಷಧವೇ ಇಲ್ಲದ ಬರೀ ಮಾತ್ರೆ. ನಾಲ್ಕು ವಾರದಲ್ಲಿ ಮೂರೂ ಗುಂಪಿನಲ್ಲಿ ಆಕ್ರಮಣ ತಗ್ಗಿತು. ಎಲ್ಲಕ್ಕಿಂತ ಹೆಚ್ಚು ತಗ್ಗಿದ್ದು ಔಷಧ ಇಲ್ಲದ ಗುಂಪಿನಲ್ಲಿ. ಮಾತ್ರೆಯೇ ಬೇಡ ಅಂತ ಇದರ ಅರ್ಥ ಅಲ್ಲ. ಕೆಲವರಿಗೆ ಬೇಕೇ ಬೇಕು, ನನ್ನ ಮಗನೂ ಒಂದು ಮಾತ್ರೆ ತಗೊಳ್ಳುತ್ತಾನೆ, ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬಾರದು. ನಾನು ಹೇಳುವುದು ಇಷ್ಟೇ: ಕಡಿಮೆ ಜನರನ್ನು ಕೆಲಸಕ್ಕಿಟ್ಟು ಆ ಕೊರತೆಯನ್ನು ಮಾತ್ರೆಯಿಂದ ತುಂಬಬೇಡಿ. “ಡೋಸ್ ಜಾಸ್ತಿ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ” ಅಂತ ನನಗೆ ಎರಡು ಕಡೆ ಹೇಳಿದ್ದಾರೆ. ಅಡ್ಮಿಷನ್‌ಗೆ ಇದು ಷರತ್ತಾಗಬಾರದು.

ಇನ್ನೊಂದು ಷರತ್ತು ‘ಮೊದಲು ಸರಿ ಮಾಡಿ, ಆಮೇಲೆ ಕರ್ಕೊಂಡು ಬನ್ನಿ’ ಅನ್ನುವುದು. ಎಲ್ಲಿ ಸರಿ ಮಾಡಲಿ? ನಮ್ಮ ಮನೆಯಲ್ಲಿ ಅವನ ಕೋಣೆಗೆ ಹೊರಗಿನಿಂದ ಚಿಲಕ ಇದೆ. ಅದನ್ನು ಹಾಕುವುದು ನನಗೆ ಇಷ್ಟವಿಲ್ಲ, ಆದ್ದರಿಂದ ಬಾಗಿಲ ಮುಂದೆ ಚಾಪೆ ಹಾಸಿಕೊಂಡು ಮಲಗುತ್ತೇನೆ. ಅವನು ಎದ್ದರೆ ನನ್ನನ್ನು ದಾಟಿಯೇ ಹೋಗಬೇಕು. ಏಳು ವರ್ಷದಿಂದ ಹೀಗೇ. ದಣಿದ ಅಪ್ಪ, ಬೆದರಿದ ಅಮ್ಮ, ಹೊರಗೆ ಹೋಗಲು ಜಾಗವಿಲ್ಲದ ಬಲಶಾಲಿ ಗಂಡಸು, ಮೂವರೂ ನಾಲ್ಕು ಗೋಡೆಯ ನಡುವೆ. ಇಂಥ ಕಡೆ ಯಾರು ಸರಿಹೋಗುತ್ತಾರೆ?

1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವ ಮನಶ್ಶಾಸ್ತ್ರಜ್ಞರು ಈ ಷರತ್ತನ್ನು ತಲೆಕೆಳಗು ಮಾಡಿದರು. ಬೀದಿಯಲ್ಲಿದ್ದ, ಮಾನಸಿಕ ಕಾಯಿಲೆಯಿದ್ದ ಜನರಿಗೆ ‘ಮೊದಲು ಗುಣವಾಗು’ ಅನ್ನದೆ ಮೊದಲು ಮನೆಯ ಕೀಲಿ ಕೊಟ್ಟರು, ಆಮೇಲೆ ನೆರವು ಜೋಡಿಸಿದರು. ಕೆನಡಾ 2009ರಿಂದ 2013ರವರೆಗೆ ಇದನ್ನು ಐದು ನಗರಗಳಲ್ಲಿ, 2,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿ ನೋಡಿತು. ಕೊನೆಯ ಆರು ತಿಂಗಳಲ್ಲಿ, ಮೊದಲೇ ಮನೆ ಸಿಕ್ಕವರ ಪೈಕಿ 62 ಶೇಕಡಾ ಜನ ಪೂರ್ತಿ ಸಮಯ ಮನೆಯಲ್ಲೇ ಇದ್ದರು. ಹಳೆಯ ದಾರಿಯಲ್ಲಿ ಹೋದವರ ಪೈಕಿ 31 ಶೇಕಡಾ ಮಾತ್ರ. ಅವರ ಕಷ್ಟ ನನ್ನ ಮಗನ ಕಷ್ಟ ಅಲ್ಲ, ಅದು ನನಗೆ ಗೊತ್ತು. ಅವನಿಗೆ ಕೀಲಿ ಕೊಟ್ಟು ಬಿಟ್ಟುಬಂದರೆ ಸಾಲದು, ಇಪ್ಪತ್ನಾಲ್ಕು ಗಂಟೆಯೂ ಯಾರಾದರೂ ಇರಬೇಕು. ಆದರೆ ‘ಸರಿಯಾದ ಮೇಲೆ ಮನೆ’ ಅಂತಲ್ಲ, ಮನೆ ಸಿಕ್ಕಿದ ಮೇಲೆ ಸರಿಯಾಗಲು ದಾರಿ ಅನ್ನುವುದು ಇಬ್ಬರಿಗೂ ಒಂದೇ.

ಅದೇ ಪ್ರಯೋಗದ ಇನ್ನೊಂದು ಗುಣವನ್ನು ನೀವು ಗಮನಿಸಬೇಕು. ಅಲ್ಲಿ ಮನೆ ಬೇರೆ, ನೆರವು ಬೇರೆ. ನೆರವು ಕೊಡುವವರ ಜೊತೆ ಹೊಂದಿಕೆ ಆಗದಿದ್ದರೆ ನೆರವು ಬದಲಾಗಬಹುದು, ಅದಕ್ಕಾಗಿ ಮನೆ ಕಳೆದುಕೊಳ್ಳಬೇಕಿಲ್ಲ. ನಮ್ಮ ಮಕ್ಕಳಿಗೆ ಎರಡೂ ಒಂದೇ ಕೈಯಲ್ಲಿ ಇರುತ್ತವೆ. ಅದಕ್ಕೇ ಒಂದು ಕೆಟ್ಟ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಬ್ಯಾಗು ಹೆಗಲೇರಿರುತ್ತದೆ. ಹನ್ನೊಂದನೇ ದಿನ ನನಗೆ ಫೋನ್ ಮಾಡಿದವರು ಎರಡೇ ಮಾತು ಬೇರೆ ಥರ ಹೇಳಬಹುದಿತ್ತು: “ಬನ್ನಿ, ಇವತ್ತು ನಮ್ಮ ಜೊತೆ ಇರಿ. ಏನು ಮಾಡಬೇಕು ಅಂತ ತೋರಿಸಿಕೊಡಿ.” ನಾನು ಒಂದು ವಾರ ಬೇಕಾದರೂ ಅಲ್ಲೇ ನೆಲದ ಮೇಲೆ ಮಲಗುತ್ತಿದ್ದೆ.

ಹೆತ್ತವರೇ ಮಗನನ್ನು ಹೊರಗೆ ಕಳಿಸುತ್ತೀರಾ ಅಂತ ಕೇಳುವವರಿದ್ದಾರೆ. ನಿಮ್ಮ ಕಚೇರಿಗಳಲ್ಲೂ ಕೇಳಿದ್ದಾರೆ. ಅವನ ಜೊತೆ ಶಾಲೆಗೆ ಹೋಗುತ್ತಿದ್ದ ಹುಡುಗಿಯೊಬ್ಬಳಿಗೆ ಡೌನ್ ಸಿಂಡ್ರೋಮ್ ಇತ್ತು. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಸುಮಾರು 25 ವರ್ಷ. ಈಗ ಅದು 60ರ ಹತ್ತಿರ ಇದೆ. ಹಿಂದೆ ಇಂಥ ಮಕ್ಕಳನ್ನು ಹೆತ್ತವರು ಕೊನೆಯವರೆಗೂ ನೋಡಿಕೊಂಡದ್ದು ನಿಜ, ಎಷ್ಟೋ ಸಲ ಮಕ್ಕಳೇ ಮೊದಲು ಹೋಗುತ್ತಿದ್ದರು. ಈಗ ಮಕ್ಕಳು ಬದುಕುತ್ತಾರೆ. ಇದು ಸಂತೋಷದ ಸುದ್ದಿ. ಆ ಹುಡುಗಿಯ ತಾಯಿ ಹೋದ ವರ್ಷ ತೀರಿಕೊಂಡರು. ಒಂದೇ ವಾರದಲ್ಲಿ ಅವಳು ತಾಯಿಯನ್ನು, ತನ್ನ ಕೋಣೆಯನ್ನು, ಕಿಟಕಿಯ ಹೊರಗಿನ ನೋಟವನ್ನು, ಎಲ್ಲವನ್ನೂ ಕಳೆದುಕೊಂಡು ಗುರುತೇ ಇಲ್ಲದ ಕಡೆ ಹೋಗಿ ಬಿದ್ದಳು. ಈಗ ಊಟ ಬಿಟ್ಟಿದ್ದಾಳೆ ಅಂತ ಅವಳ ಅಣ್ಣ ಹೇಳಿದ.

ನನ್ನ ಮಗನಿಗೆ ಹಾಗಾಗಬಾರದು. ನಾನು ಬದುಕಿರುವಾಗಲೇ, ನನ್ನ ಕಾಲಲ್ಲಿ ಶಕ್ತಿ ಇರುವಾಗಲೇ ಅವನು ಹೋಗಬೇಕು. ಮೊದಲ ತಿಂಗಳು ದಿನಾ ಹೋಗಿ ಅವನ ಪಕ್ಕ ಕೂರಬೇಕು. ಆಮೇಲೆ ವಾರಕ್ಕೆ ಮೂರು ಸಲ. ಆಮೇಲೆ ಅವನೇ ರಜೆಗೆ ಮನೆಗೆ ಬಂದು, ಎರಡು ದಿನ ಇದ್ದು, ‘ಹೋಗೋಣ’ ಅಂತ ಬ್ಯಾಗು ಹಾಕಿಕೊಳ್ಳಬೇಕು. ‘ಹೋಗೋಣ’ ಅವನಿಗೆ ಬರುವ ಇಪ್ಪತ್ತೈದು ಮಾತಿನಲ್ಲಿ ಒಂದು. ಇದು ಬಿಟ್ಟುಬಿಡುವುದಲ್ಲ. ಅವನ ತಂಗಿಗೂ ಒಂದು ಬದುಕಿದೆ. ಅಣ್ಣನ ಮೇಲೆ ಅವಳಿಗೆ ಪ್ರೀತಿ ಇದೆ. ಆ ಪ್ರೀತಿಯನ್ನೇ ಇಡೀ ವ್ಯವಸ್ಥೆ ಅಂತ ಲೆಕ್ಕ ಹಾಕಿ ನೀವು ಕೈತೊಳೆದುಕೊಳ್ಳಬಾರದು. ಈಗ ಆಗುತ್ತಿರುವುದು ಅದೇ. ಹೆತ್ತವರು ಇರುವವರೆಗೆ ‘ತುರ್ತು ಇಲ್ಲ’, ಸತ್ತ ಮೇಲೆ ‘ತಯಾರಿ ಇಲ್ಲ’.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ನ್ಯೂಯಾರ್ಕ್‌ನ ವಿಲ್ಲೋಬ್ರೂಕ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ಸರ್ಕಾರಿ ಸಂಸ್ಥೆ ಇತ್ತು, ಅಲ್ಲಿ 4,000 ಜನರ ಜಾಗದಲ್ಲಿ 6,000 ಜನರನ್ನು ತುಂಬಿದ್ದರು. 1972ರಲ್ಲಿ ಟಿವಿ ಕ್ಯಾಮರಾ ಒಳಗೆ ಹೋದಾಗ ದೇಶವೇ ಬೆಚ್ಚಿತು, 1987ರಲ್ಲಿ ಅದು ಮುಚ್ಚಿತು. ದೊಡ್ಡ ಕಟ್ಟಡಗಳ ಕಥೆ ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ. ಸ್ವೀಡನ್ 1994ರಿಂದ ಜಾರಿಗೆ ತಂದ ಕಾನೂನಿನಲ್ಲಿ ಇಂಥ ವಯಸ್ಕರಿಗೆ ನೆರವಿನ ಮನೆಯನ್ನು ಹಕ್ಕು ಅಂತಲೇ ಬರೆಯಿತು. ಬೆರಳೆಣಿಕೆಯ ಜನ, ಒಬ್ಬೊಬ್ಬರಿಗೂ ತಮ್ಮದೇ ಕೋಣೆ, ತಮ್ಮದೇ ಬಾಗಿಲು. ನನ್ನ ಮಗನಂಥವರಿಗೆ ಇದು ಐಷಾರಾಮ ಅಲ್ಲ. ಜಾಗ ಹಿಡಿಸಿದರೂ ಹದಿನೆಂಟು ಜನರ ಸದ್ದಿನಲ್ಲಿ ಅವನು ಬಹಳ ಕಾಲ ಬಾಳಲಾರ. ನಾಲ್ಕು ಜನರ ಮನೆಯಲ್ಲಿ ಬದುಕಬಲ್ಲ.

ಚಿಕ್ಕದಾದರೆ ಸಾಕು ಅಂತಲೂ ಅಲ್ಲ. ಇಂಗ್ಲೆಂಡಿನ ವಿಂಟರ್‌ಬೋರ್ನ್ ವ್ಯೂ ಚಿಕ್ಕ ಖಾಸಗಿ ಆಸ್ಪತ್ರೆಯೇ ಆಗಿತ್ತು. ‘ವರ್ತನೆಯ ಸಮಸ್ಯೆ’ ಇದೆ ಅಂತ ಬೇರೆಯವರು ಕೈಬಿಟ್ಟವರನ್ನು ಅಲ್ಲಿಗೆ ಕಳಿಸುತ್ತಿದ್ದರು. 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮರಾ ಅಲ್ಲಿನ ಹೊಡೆತ, ಎಳೆದಾಟ ಎಲ್ಲವನ್ನೂ ತೋರಿಸಿತು. ಹನ್ನೊಂದು ಸಿಬ್ಬಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಆರು ಜನ ಜೈಲಿಗೆ ಹೋದರು. ಮನೆಯವರನ್ನು ಅಲ್ಲಿ ಮೇಲಿನ ಮಹಡಿಯ ಕೋಣೆಗಳಿಗೆ ಬಿಡುತ್ತಿರಲಿಲ್ಲ. ಈ ಒಂದು ವಿಷಯ ಓದಿದ ಮೇಲೆ ನಾನು ಯಾವ ಜಾಗಕ್ಕೆ ಹೋದರೂ ಮೊದಲು ಕೇಳುವುದು, “ಅವನ ಕೋಣೆಯವರೆಗೆ ನಾನು ಬರಬಹುದಾ? ಹೇಳದೆ ಬರಬಹುದಾ?” ಹೆಚ್ಚಿನ ಕಡೆ ಉತ್ತರ, “ಭಾನುವಾರ ಮಾತ್ರ, ವಿಸಿಟರ್ಸ್ ಹಾಲ್‌ನಲ್ಲಿ.” ಮಾತು ಬಾರದ ಮಗ. ಅವನಿಗೆ ಪೆಟ್ಟು ಬಿದ್ದರೆ ಯಾರು ಹೇಳಬೇಕು? ನನ್ನ ಕಣ್ಣೇ ಹೇಳಬೇಕು.

2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. 180ಕ್ಕೂ ಹೆಚ್ಚು ದೇಶಗಳು ಅದಕ್ಕೆ ಬದ್ಧವಾಗಿವೆ. ಅದರ 19ನೇ ವಿಧಿ, ಎಲ್ಲಿ ಬಾಳಬೇಕು, ಯಾರ ಜೊತೆ ಬಾಳಬೇಕು ಅನ್ನುವುದನ್ನು ಉಳಿದವರಂತೆಯೇ ಆಯ್ದುಕೊಳ್ಳುವ ಅವಕಾಶ ಅಂಗವಿಕಲರಿಗೆ ಇರಬೇಕು ಅನ್ನುತ್ತದೆ. 2017ರಲ್ಲಿ ಒಡಂಬಡಿಕೆಯ ಸಮಿತಿ ಈ ವಿಧಿಯನ್ನು ಬಿಡಿಸಿ ಹೇಳಿತು. ಒಬ್ಬರಿಗೆ ಎಷ್ಟು ಹೆಚ್ಚು ನೆರವು ಬೇಕು ಅನ್ನುವುದನ್ನು ಮುಂದಿಟ್ಟು ಈ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಅಂತ ಅದರಲ್ಲಿ ಇದೆ. ನಿಮ್ಮ ಒಂಬತ್ತನೇ ಪ್ರಶ್ನೆ ಮಾಡುತ್ತಿರುವುದು ನೇರವಾಗಿ ಅದನ್ನೇ.

ಆಯ್ಕೆ ಅಂದಾಗ ಕೆಲವು ಅಧಿಕಾರಿಗಳು ನಗುತ್ತಾರೆ. ಇವನು ಏನು ಆಯ್ಕೆ ಮಾಡುತ್ತಾನೆ ಅಂತ. ಕಳೆದ ತಿಂಗಳು ಐದು ಜನ ಇರುವ ಒಂದು ಮನೆಗೆ ಹೋಗಿದ್ದೆವು. ನಾವು ಮುಖ್ಯಸ್ಥರ ಜೊತೆ ಮಾತಾಡುತ್ತಿದ್ದೆವು. ಒಳಗೆ ಒಬ್ಬರು ಒಣಗಿದ ಟವೆಲ್ಲುಗಳ ರಾಶಿ ತಂದು ಸುರಿದರು. ಮಗ ಎದ್ದು ಹೋದ. ಸ್ವಲ್ಪ ಹೊತ್ತು ನಿಂತು ನೋಡಿದ. ಹೆಗಲಿನಿಂದ ಬ್ಯಾಗು ತೆಗೆದು ಗೋಡೆಗೆ ಒರಗಿಸಿ ಇಟ್ಟ. ಕೂತು ಮಡಚಲು ಶುರು ಮಾಡಿದ. ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಒಮ್ಮೆ ಸವರಿ, ಒಂದರ ಮೇಲೊಂದು. ಅಲ್ಲಿನ ಇನ್ನೊಬ್ಬ ಹುಡುಗ ಬಂದು ಎದುರಿಗೆ ಕೂತ. ಇಬ್ಬರೂ ಮಾತಿಲ್ಲದೆ ಪೂರ್ತಿ ರಾಶಿ ಮುಗಿಸಿದರು. ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಆಯ್ಕೆ ಹೇಳುತ್ತಾರೆ?

ಇಲಾಖೆಯವರಲ್ಲಿ ನನ್ನ ಬೇಡಿಕೆ ಹಣದ್ದು, ನಾಚಿಕೆ ಬಿಟ್ಟೇ ಕೇಳುತ್ತೇನೆ. ತಲೆಗೆ ಇಷ್ಟು ಅಂತ ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೆ, ಸಂಸ್ಥೆಯವರು ಸುಲಭದವರನ್ನೇ ಆರಿಸುತ್ತಾರೆ. ಅವರನ್ನು ಮಾತ್ರ ಬೈದು ಏನೂ ಪ್ರಯೋಜನ ಇಲ್ಲ. ಹೆಚ್ಚು ನೆರವು ಬೇಕಾದವರಿಗೆ ಹೆಚ್ಚು ಕೊಡಿ. ರಾತ್ರಿ ಪಾಳಿಗೆ ಇಬ್ಬರು ಇರಲೇಬೇಕು ಅಂತ ಅನುಮತಿ ಪತ್ರದಲ್ಲೇ ಬರೆಯಿರಿ. ಆ ಹುಡುಗರಿಗೆ ತರಬೇತಿ ಕೊಡಿ, ಕೆಲಸದಲ್ಲಿ ಉಳಿಯುವಷ್ಟು ಸಂಬಳ ಕೊಡಿ. ಆರು ತಿಂಗಳಿಗೊಮ್ಮೆ ಮುಖ ಬದಲಾದರೆ ನನ್ನ ಮಗ ಯಾರ ಕೈ ಹಿಡಿಯಬೇಕು? ಕಷ್ಟ ಬಂದ ದಿನ ಕರೆದರೆ ಮನೆಗೇ ಬರುವ ಒಂದು ತಂಡ ಇರಲಿ. ಸಂಸ್ಥೆಗಳೂ ಹೆದರುವುದು ಒಂಟಿಯಾಗಿರುವುದರಿಂದಲೇ.

ಸಂಸ್ಥೆಯವರಲ್ಲಿ ಕೇಳುವುದು: ಬೇಡ ಅನ್ನುವುದಾದರೆ ಕಾರಣವನ್ನು ಬರೆದು ಕೊಡಿ, ‘ಜಾಗ ಇಲ್ಲ’ ಅಂತ ಫೋನಿನಲ್ಲಿ ಹೇಳಬೇಡಿ. ಸೇರಿಸಿಕೊಳ್ಳುವ ಮೊದಲು ನಮ್ಮ ಮನೆಗೆ ಬಂದು ಅವನನ್ನು ನೋಡಿ, ಒಂದು ಒಳ್ಳೆಯ ದಿನವನ್ನೂ ನೋಡಿ. ವರ್ತನೆ ಬದಲಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ತೋರಿಸಿ. ವಾಪಸ್ ಕಳಿಸುವ ಮಾತನ್ನು ಮೊದಲ ತಿಂಗಳಲ್ಲೇ ಎತ್ತಬೇಡಿ, ಎತ್ತುವ ಮೊದಲು ಎಲ್ಲರನ್ನೂ ಕೂರಿಸಿ ಮಾತಾಡಿ. ಹೇಳದೆ ಬಂದರೂ ನಮ್ಮನ್ನು ಕೋಣೆಯವರೆಗೆ ಬಿಡಿ.

ಟವೆಲ್ಲು ಮಡಚಿದ ಆ ಮನೆಯವರಿಗೆ ಅರ್ಜಿ ಕೊಟ್ಟು ಇಪ್ಪತ್ತು ದಿನ ಆಯಿತು. ಅವರ ಫಾರಂನಲ್ಲೂ ಅದೇ ಪ್ರಶ್ನೆ ಇದೆ, ಅದೇ ಎರಡು ಚೌಕ. ಈ ಸಲ ‘ಹೌದು’ ಅಂತಲೇ ಗುರುತು ಹಾಕಿದ್ದೇನೆ. ಪಕ್ಕದಲ್ಲಿ ಜಾಗ ಇರಲಿಲ್ಲ, ಆದ್ದರಿಂದ ಎರಡು ಹಾಳೆ ಬರೆದು ಪಿನ್ ಹಾಕಿದ್ದೇನೆ. ಪಂಪಿನ ಸದ್ದು, ಹಿಂದಿನಿಂದ ಮುಟ್ಟಬಾರದು, ಎದುರಿಗೆ ನಿಂತು ಕೈ ಚಾಚಿ ಕಾಯಬೇಕು, ಬ್ಯಾಗನ್ನು ಅವನಾಗಿಯೇ ಕೆಳಗೆ ಇಡುವವರೆಗೆ ಮುಟ್ಟಬೇಡಿ, ಬಲಗಡೆ ಕೊನೆಯ ಹಲ್ಲು ಇಲ್ಲ, ಎಲ್ಲವೂ ಅದರಲ್ಲಿದೆ. ದಯವಿಟ್ಟು ಆ ಎರಡು ಹಾಳೆ ಓದಿ ಆಮೇಲೆ ತೀರ್ಮಾನ ಮಾಡಿ.

ಇಂತಿ ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ತಾಯಿ